ಅವರಿಗೆ ಜ್ವರ ಅಂದೆವು



ಹೋದ ಪಾಠದಲ್ಲಿ ತಾರೀಕು ಬರೆಯಲು ಕಲಿತೆವು. ದಿನ, ತಿಂಗಳು, ವರ್ಷ. ಮಧ್ಯೆ ಒಂದೊಂದು ಗೀಟು. ಈ ಪಾಠದಲ್ಲಿ ಆ ತಾರೀಕು ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತೆ ನೋಡೋಣ.

ಇದು ಕುಡಿತದ ಪಾಠ. ಕುಡಿಯುವವರು ಈ ಪುಸ್ತಕ ಓದುವುದಿಲ್ಲ. ಓದುವವರು ನಾವು. ಅದಕ್ಕೇ ಇದನ್ನು ನಮಗೋಸ್ಕರ ಬರೆದಿದ್ದೇವೆ. ಗಂಡನೋ ಮಗನೋ ತಮ್ಮನೋ ಕುಡಿತಕ್ಕೆ ಬಿದ್ದರೆ ಮನೆಯಲ್ಲಿರುವ ನಾವು ಏನು ಗಮನಿಸಬೇಕು? ಏನು ಮಾಡಬೇಕು? ಏನು ಮಾಡಬಾರದು?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಬರೆಯುವುದಿಲ್ಲ. ಅವರ ಗಂಡ ಗಾರೆ ಕೆಲಸದವರು. ಒಳ್ಳೆಯ ಕೆಲಸಗಾರ. ಗೋಡೆ ಎತ್ತಿದರೆ ನೂಲು ಹಿಡಿದ ಹಾಗೆ ಇರುತ್ತೆ. ಆದರೆ ಸೋಮವಾರ ಅವರು ಕೆಲಸಕ್ಕೆ ಹೋಗುತ್ತಿರಲಿಲ್ಲ. ಮೇಸ್ತ್ರಿ ಒಬ್ಬ ಹುಡುಗನನ್ನು ಕಳಿಸುತ್ತಿದ್ದರು. ಅಕ್ಕ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು:

“ಅವರಿಗೆ ಜ್ವರ.”

ಹೀಗೆ ಎರಡು ವರ್ಷ. ಒಂದು ದಿನ ಆ ಹುಡುಗ ಕೇಳಿದ: “ಅಕ್ಕಾ, ಜ್ವರ ಸೋಮವಾರ ಸೋಮವಾರನೇ ಬರುತ್ತಾ?”

ಅಕ್ಕ ಇದನ್ನು ಕೇಂದ್ರದಲ್ಲಿ ಹೇಳಿದಾಗ ಎಲ್ಲರೂ ನಕ್ಕೆವು. ಆಮೇಲೆ ಒಬ್ಬರು, “ನಾನು ಹೊಟ್ಟೆನೋವು ಅಂತಿದ್ದೆ” ಅಂದರು. ಇನ್ನೊಬ್ಬರು, “ನಾನು ಊರಲ್ಲಿಲ್ಲ ಅಂತಿದ್ದೆ. ಅವರು ಒಳಗೇ ಬಿದ್ದಿರೋರು” ಅಂದರು. ನಗು ನಿಂತಿತು.

ಪಾಠ ಹೇಳುವ ನಮ್ಮ ಮನೆಯದೂ ಇದೇ ಕಥೆ. ನಮ್ಮ ಅಪ್ಪ ಕುಡಿಯುತ್ತಿದ್ದರು. ಯಾರಾದರೂ ಬಂದರೆ ಅಮ್ಮ, “ಹುಷಾರಿಲ್ಲ, ಮಲಗಿದ್ದಾರೆ” ಅನ್ನುತ್ತಿದ್ದರು. ಮಕ್ಕಳಾದ ನಾವೂ ಅದನ್ನೇ ಹೇಳುತ್ತಿದ್ದೆವು. ಅ ಆ ಇ ಈ ಕಲಿಯುವ ಮುಂಚೆ ಆ ಸುಳ್ಳು ಕಲಿತಿದ್ದೆವು.

ಯಾಕೆ ಮುಚ್ಚಿಡುತ್ತೇವೆ?

ಮಾನ ಹೋಗುತ್ತೆ ಅಂತ. ಕೆಲಸ ಹೋಗುತ್ತೆ ಅಂತ. ಮಗಳಿಗೆ ಗಂಡು ಸಿಗುವುದಿಲ್ಲ ಅಂತ. ಈ ಹೆದರಿಕೆ ಸುಳ್ಳಲ್ಲ. ಆದರೆ ಆ ಅಕ್ಕನ ಮನೆಯಲ್ಲಿ ಏನಾಯಿತು ನೋಡಿ. ಗಂಡ ರಾತ್ರಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅಕ್ಕ ರಾತ್ರಿಯೇ ತೊಳೆದು ಸಾರಿಸುತ್ತಿದ್ದರು. ಅಂಗಡಿಯವನು ಸಾಲ ಕೇಳಿದರೆ ಸಂಘದ ದುಡ್ಡು ತಂದು ತೀರಿಸುತ್ತಿದ್ದರು. ಮೇಸ್ತ್ರಿಗೆ ಜ್ವರ ಅನ್ನುತ್ತಿದ್ದರು. ಬೆಳಗ್ಗೆ ಗಂಡ ಎದ್ದಾಗ ಮನೆ ಶುಚಿ, ಸಾಲ ಇಲ್ಲ, ಕೆಲಸ ಹೋಗಿಲ್ಲ. ರಾತ್ರಿ ಆದದ್ದು ಅವರಿಗೆ ನೆನಪೇ ಇಲ್ಲ. “ನಾನೇನು ಮಾಡಿದೆ? ನೀನು ಸುಮ್ಮನೆ ದೊಡ್ಡದು ಮಾಡ್ತೀಯ” ಅನ್ನುತ್ತಿದ್ದರು. ಹಾಗನ್ನುವುದು ಪೂರಾ ಸುಳ್ಳೂ ಅಲ್ಲ. ಅವರ ಕಣ್ಣಿಗೆ ಏನೂ ಬಿದ್ದೇ ಇರಲಿಲ್ಲ.

ಹಾಗಂತ ತಪ್ಪು ಅಕ್ಕನದು ಅನ್ನಬೇಡಿ. ಅವರ ಅತ್ತೆ ಹಾಗೇ ಅಂದರು: “ಹೆಂಡತಿ ಸರಿಯಾಗಿದ್ರೆ ಗಂಡ ಯಾಕೆ ಕುಡೀತಾನೆ?” ಈ ಮಾತು ನೀವೂ ಕೇಳಿರುತ್ತೀರಿ. ಸಾರಿಗೆ ಉಪ್ಪು ಕಮ್ಮಿ ಆಯಿತು ಅಂತ ಯಾರೂ ಕುಡುಕರಾಗುವುದಿಲ್ಲ. ಕುಡಿತದ ಚಟ ಒಂದು ಕಾಯಿಲೆ. ವೈದ್ಯರೇ ಅದನ್ನು ಕಾಯಿಲೆ ಅನ್ನುತ್ತಾರೆ. ಅದಕ್ಕೆ ಔಷಧಿ ಇದೆ, ಆಸ್ಪತ್ರೆ ಇದೆ. ಆ ಕಾಯಿಲೆಯನ್ನು ನಾವು ತರಲಿಲ್ಲ. ಬೈದು ಅತ್ತು ನಾವೇ ವಾಸಿ ಮಾಡಲೂ ಆಗುವುದಿಲ್ಲ.

ಹೊಗೆಸೊಪ್ಪಿನ ಅಜ್ಜಿ

“ಕಾಯಿಲೆ ಅಂತೀರಲ್ಲ. ಕೈಯಲ್ಲಿ ಹಿಡಿದು ಕುಡಿಯೋನು ಅವನೇ. ಬಿಡಕ್ಕಾಗಲ್ವಾ?” ಅಂತ ನಮ್ಮ ಕೇಂದ್ರದ ಒಬ್ಬ ಅಜ್ಜಿ ಕೇಳಿದರು. ಅವರ ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು. “ಅಜ್ಜೀ, ನಾಳೆ ಒಂದು ದಿನ ಹೊಗೆಸೊಪ್ಪು ಬಿಡಿ ನೋಡೋಣ” ಅಂದೆವು. “ಅದೇನು ಮಹಾ!” ಅಂದರು. ಮಾರನೇ ದಿನ ಮಧ್ಯಾಹ್ನಕ್ಕೆ ಅಜ್ಜಿಗೆ ತಲೆ ಸಿಡಿತ. ಸೊಸೆಯ ಮೇಲೆ ರೇಗಿದರು. ಮೊಮ್ಮಗನಿಗೆ ಬೈದರು. ಸಂಜೆ ಕೇಂದ್ರಕ್ಕೆ ಬಂದಾಗ ಬಾಯಲ್ಲಿ ಹೊಗೆಸೊಪ್ಪು ಇತ್ತು! “ಬಿಡಬೇಕು ಅಂತ ಮನಸ್ಸಿತ್ತಮ್ಮ, ಮೈ ಕೇಳಲಿಲ್ಲ” ಅಂದರು. ಚಟ ಅಂದರೇನು ಅಂತ ನಾವು ಇದಕ್ಕಿಂತ ಚೆನ್ನಾಗಿ ಹೇಳಲಾರೆವು.

ಹೊಗೆಸೊಪ್ಪೂ ಬಾಯಿಗೆ ಕ್ಯಾನ್ಸರ್ ತರುತ್ತೆ. ಅದರ ಪಾಠ ಇನ್ನೊಂದು ದಿನ.

ಹೇಗೆ ಗುರುತಿಸುವುದು?

ಕುಡಿಯುವವರೆಲ್ಲರಿಗೂ ಚಟ ಹತ್ತಿರುವುದಿಲ್ಲ. ಆದರೆ ಹತ್ತುವಾಗ ಗುರುತು ಕಾಣುತ್ತೆ. ಅದನ್ನು ಮೊದಲು ನೋಡುವವರು ನಾವೇ.

ಮೊದಲು ಒಂದು ನೈಂಟಿ ಕುಡಿದರೆ ತೂರಾಡುತ್ತಿದ್ದವರು ಈಗ ಎರಡು ಕ್ವಾರ್ಟರ್ ಕುಡಿದರೂ ನೆಟ್ಟಗೆ ನಡೆಯುತ್ತಾರೆ. ಗೆಳೆಯರು ಇದನ್ನೇ ಹೊಗಳುತ್ತಾರೆ. “ಅವನು ಗಟ್ಟಿ ಆಳು, ಎಷ್ಟು ಕುಡಿದ್ರೂ ಏರಲ್ಲ” ಅನ್ನುತ್ತಾರೆ. ಇದು ಗಟ್ಟಿತನ ಅಂತ ತಿಳಿಯಬೇಡಿ. ಮೈ ಹೆಂಡಕ್ಕೆ ಒಗ್ಗಿಹೋಗಿದೆ. ಇನ್ನು ಮೇಲೆ ಜಾಸ್ತಿ ಜಾಸ್ತಿ ಕೇಳುತ್ತೆ.

ಬೆಳಗ್ಗೆ ಕೈ ನಡುಗುತ್ತೆ. ಕಾಫಿ ಲೋಟ ಹಿಡಿದರೆ ತುಳುಕುತ್ತೆ. ಬೆವರುತ್ತಾರೆ. ಒಂದು ಗುಟುಕು ಕುಡಿದ ಮೇಲೆ ನಡುಕ ನಿಲ್ಲುತ್ತೆ. ಇದು ದೊಡ್ಡ ಗುರುತು. ಇದನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತೆ.

ಊಟ ಕಮ್ಮಿ ಆಗುತ್ತೆ. ನಿದ್ದೆ ಕೆಡುತ್ತೆ. ರಾತ್ರಿ ಮಾಡಿದ ಜಗಳ ಬೆಳಗ್ಗೆ ನೆನಪಿರುವುದಿಲ್ಲ. ಪಾಕೀಟು ಬಚ್ಚಿಡುವುದು ಶುರುವಾಗುತ್ತೆ. ಹುಲ್ಲಿನ ಮೆದೆಯಲ್ಲಿ, ಸೂರಿನ ಸಂದಿಯಲ್ಲಿ ಸಿಗುತ್ತೆ. ಮನೆಯ ಸಾಮಾನು ಕಾಣೆಯಾಗುತ್ತೆ. ಮೊದಲು ಕೋಳಿ, ಆಮೇಲೆ ತಾಮ್ರದ ಪಾತ್ರೆ.

ಕಣ್ಣು ಹಳದಿ ಆದರೆ, ಹೊಟ್ಟೆ ಕಾಲು ಊದಿಕೊಂಡರೆ, ರಕ್ತ ವಾಂತಿ ಆದರೆ ಒಂದು ದಿನವೂ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ಶಾಲೆಯಲ್ಲಿ ನಮಗೆ ಇನ್ನೊಂದು ಗುರುತು ಕಾಣುತ್ತೆ. ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವ ಮಗು. ಮುಂಚೆ ನಾವು ಬೈಯುತ್ತಿದ್ದೆವು. ಈಗ, “ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಕಂದಾ?” ಅಂತ ಕೇಳುತ್ತೇವೆ.

ಒಂದೇ ಸಲ ಬಿಡಿಸಬೇಡಿ

ಇದು ಈ ಪಾಠದ ಮುಖ್ಯ ಮಾತು. ಎರಡು ಸಲ ಓದಿ.

ದಿನಾ ಕುಡಿಯುವವರು, ಬೆಳಗ್ಗೆ ಕೈ ನಡುಗುವವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಅಪಾಯ. ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸುತ್ತೇವೆ ಅಂತ ಕೆಲವರು ಹೊರಡುತ್ತಾರೆ. ಹಾಗೆ ಮಾಡಬೇಡಿ.

ಬಿದಿರಿನ ಗಳವನ್ನು ಬಗ್ಗಿಸಿ ಹಿಡಿದು ತಟ್ಟನೆ ಬಿಟ್ಟರೆ ಏನಾಗುತ್ತೆ? ಮುಖಕ್ಕೆ ಬಡಿಯುತ್ತೆ. ಹೆಂಡ ಮೆದುಳನ್ನು ಹಾಗೆ ಬಗ್ಗಿಸಿ ಹಿಡಿದಿರುತ್ತೆ. ತಟ್ಟನೆ ಬಿಟ್ಟಾಗ ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತೆ. ಎರಡು, ಮೂರು, ನಾಲ್ಕನೇ ದಿನ ಕೆಲವರಿಗೆ ಬುದ್ಧಿ ಕದಡುತ್ತೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ. ಯಾರೋ ಹೊಡೆಯಲು ಬಂದರು ಅಂತ ಓಡುತ್ತಾರೆ. ಯಾವ ಊರು, ಯಾವ ದಿನ, ಗೊತ್ತಾಗುವುದಿಲ್ಲ. ನಮ್ಮ ಕಡೆ ಇದನ್ನು ದೆವ್ವ ಮೆಟ್ಟಿದೆ ಅನ್ನುತ್ತಾರೆ. ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ಅಕ್ಕಂದಿರೇ, ಅದು ದೆವ್ವ ಅಲ್ಲ. ಆಗ ಆಸ್ಪತ್ರೆಗೆ ಸೇರಿಸದಿದ್ದರೆ ಜೀವವೇ ಹೋಗಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ.

ಆಸ್ಪತ್ರೆಯಲ್ಲಿ ನಡುಕ ಇಳಿಸಲು ಮಾತ್ರೆ ಕೊಡುತ್ತಾರೆ. ಅದನ್ನು ದಿನ ದಿನಕ್ಕೆ ಕಮ್ಮಿ ಮಾಡುತ್ತಾರೆ. ಬಿ1 ವಿಟಮಿನ್ ಕೊಡುತ್ತಾರೆ. ಕುಡಿಯುವವರ ಮೈಯಲ್ಲಿ ಅದು ಬತ್ತಿಹೋಗಿರುತ್ತೆ.

ಅಯ್ಯಪ್ಪನ ಮಾಲೆ ಹಾಕಿದಾಗ ಗಂಡಸರು ಕುಡಿತ ಬಿಡುತ್ತಾರೆ. ಮದ್ಯವರ್ಜನ ಶಿಬಿರಕ್ಕೆ ಸೇರಿದಾಗಲೂ ಬಿಡುತ್ತಾರೆ. ಒಳ್ಳೆಯದೇ. ಆದರೆ ಕೈ ನಡುಗುವವರಾದರೆ ಮಾಲೆಗೆ ಮುಂಚೆ, ಶಿಬಿರಕ್ಕೆ ಮುಂಚೆ ಡಾಕ್ಟರಿಗೆ ತೋರಿಸಿ.

ಗುಟ್ಟಿನ ಪುಡಿ

ಬಸ್ ನಿಲ್ದಾಣದ ಗೋಡೆ ಮೇಲೆ ಓದಿರುತ್ತೀರಿ. ಈಗ ಓದಲು ಬರುತ್ತಲ್ಲ! “ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ” ಅಂತ ಇರುತ್ತೆ. ಓದಿ, ಆದರೆ ನಂಬಬೇಡಿ. ಆ ಪುಡಿಯಲ್ಲಿ ಏನಿದೆ ಅಂತ ನಮಗೆ ತಿಳಿಯುವುದಿಲ್ಲ. ಡಾಕ್ಟರು ಕೊಡುವ ಒಂದು ಮಾತ್ರೆ ಇದೆ. ಅದನ್ನು ತಿಂದ ಮೇಲೆ ಕುಡಿದರೆ ಮುಖ ಕೆಂಪಾಗುತ್ತೆ, ವಾಂತಿಯಾಗುತ್ತೆ, ಎದೆ ಹೊಡೆದುಕೊಳ್ಳುತ್ತೆ. ತಿನ್ನುವವರು ತಾವೇ ಒಪ್ಪಿ, ಗೊತ್ತಿದ್ದು ತಿನ್ನಬೇಕು. ಗುಟ್ಟಾಗಿ ಹಾಕಿದರೆ ಪ್ರಾಣಕ್ಕೇ ಅಪಾಯ. ಪಾಪ, ಹೆಂಗಸರು ಕಿವಿಯೋಲೆ ಅಡ ಇಟ್ಟು ಆ ಪುಡಿ ತರಿಸಿದ್ದನ್ನು ನಾವು ನೋಡಿದ್ದೇವೆ.

ನೋಟುಬುಕ್ಕಿನ ಪುಟ

ಆ ಅಕ್ಕ ತಾರೀಕು ಬರೆಯಲು ಕಲಿತದ್ದು 2024ರ ಅಕ್ಟೋಬರಿನಲ್ಲಿ. “ಅಭ್ಯಾಸಕ್ಕೆ ದಿನಾ ಒಂದು ಸಾಲು ಬರೀರಿ” ಅಂದಿದ್ದೆವು. ನಾವು ಅಂದುಕೊಂಡಿದ್ದು ಹಾಲಿನ ಲೆಕ್ಕ ಬರೆಯುತ್ತಾರೆ ಅಂತ. ಅವರು ಬರೆದದ್ದು ಇದು:

4-11-2024 ಸೋಮ. ಕೆಲಸ ಇಲ್ಲ. ಕೈ ನಡಕ.
5-11-2024 ಮಂಗಳ. ಕೆಲಸ. ರಾತ್ರಿ 3 ನೈಂಟಿ. ಊಟ ಇಲ್ಲ.
6-11-2024 ಬುಧ. ಬೆಳಗ್ಗೆ 6ಕ್ಕೆ 1 ನೈಂಟಿ. ಆಮೇಲೆ ಕೆಲಸ.

ನಡುಕ ಅಂತ ಬರೆಯಲು ಹೋಗಿ ನಡಕ ಅಂತ ಬರೆದಿದ್ದಾರೆ. ಇರಲಿ. ಯಾವ ಡಾಕ್ಟರಿಗೂ ಅರ್ಥವಾಗುತ್ತೆ.

ನೋಟುಬುಕ್ಕನ್ನು ರಾಗಿ ಡಬ್ಬದಲ್ಲಿ ಇಡುತ್ತಿದ್ದರು. ಒಂದು ತಿಂಗಳು ಬರೆದರು. ತಿಂಗಳ ಕೊನೆಗೆ ನಾವು ಕೂಡಿ ಲೆಕ್ಕ ಹಾಕಿದೆವು. ಕೆಲಸಕ್ಕೆ ಹೋಗದ ದಿನ 11. ಬೆಳಗ್ಗೆಯೇ ಕುಡಿದ ದಿನ 17. ಅಕ್ಕ ಬಹಳ ಹೊತ್ತು ಆ ಅಂಕಿ ನೋಡುತ್ತಾ ಕೂತರು. “ನಾನು ವಾರಕ್ಕೆ ಒಂದು ದಿನ ಅಂದ್ಕೊಂಡಿದ್ದೆ” ಅಂದರು. ಮೇಸ್ತ್ರಿಯ ಹುಡುಗನಿಗೆ ಹೇಳಿದ ಸುಳ್ಳನ್ನು ಅವರೂ ಅರ್ಧ ನಂಬಿಬಿಟ್ಟಿದ್ದರು.

ದುಡ್ಡಿನ ಲೆಕ್ಕವನ್ನೂ ಹಾಕಿದೆವು. ದಿನಕ್ಕೆ 150 ರೂಪಾಯಿ ಅಂತ ಹಿಡಿದರೆ 30 ದಿನಕ್ಕೆ 4,500. ಸರ್ಕಾರದ ಗೃಹಲಕ್ಷ್ಮಿ ಹಣ ಅಕ್ಕನಿಗೆ ಬರುತ್ತಿದ್ದದ್ದು ತಿಂಗಳಿಗೆ 2,000. ಅದರ ಎರಡರಷ್ಟಕ್ಕಿಂತ ಜಾಸ್ತಿ.

ಹೇಗೆ ಮಾತಾಡುವುದು?

ಕುಡಿದು ಬಂದಾಗ ಮಾತಾಡಬೇಡಿ. ಆಗ ಹೇಳಿದ್ದು ಕಿವಿಗೆ ಹೋಗುವುದಿಲ್ಲ. ಏಟು ಬೀಳುತ್ತೆ, ಅಷ್ಟೇ. ಕುಡಿಯದ ಹೊತ್ತು ನೋಡಿ, ಊಟ ಆದ ಮೇಲೆ, ಮಕ್ಕಳು ಇಲ್ಲದಾಗ ಹೇಳಿ. ನಾಲ್ಕೇ ಮಾತು ಸಾಕು. “ನೀವು ಕುಡುಕರು, ಮನೆ ಹಾಳು ಮಾಡಿದ್ರಿ” ಅಂದರೆ ಎದ್ದು ಹೋಗುತ್ತಾರೆ. ಆ ಅಕ್ಕ ಹೀಗಂದರು:

“ರೀ, ಬೆಳಗ್ಗೆ ನಿಮ್ಮ ಕೈ ನಡುಗೋದು ನೋಡ್ತಿದ್ದೀನಿ. ನಂಗೆ ಹೆದರಿಕೆ ಆಗ್ತದೆ. ಹೊಟ್ಟೆ ಉರೀತದೆ ಅಂತೀರಲ್ಲ, ಡಾಕ್ಟರಿಗೆ ತೋರಿಸೋಣ ಬನ್ನಿ.”

ಕುಡಿತ ಬಿಡಿಸಲು ಬನ್ನಿ ಅಂದಿದ್ದರೆ ಅವರು ಬರುತ್ತಿರಲಿಲ್ಲ. ಹೊಟ್ಟೆ ಉರಿಗೆ ಬಂದರು. ಆಸ್ಪತ್ರೆಯಲ್ಲಿ ಡಾಕ್ಟರು, “ಎಷ್ಟು ಕುಡೀತೀರಿ?” ಅಂತ ಕೇಳಿದರು. “ಯಾವಾಗಲಾದರೂ ಒಂದು ಸಲ ಸಾರ್” ಅಂದರು ಗಂಡ. ಅಕ್ಕ ಸೆರಗಿನಿಂದ ನೋಟುಬುಕ್ಕು ತೆಗೆದು ಮೇಜಿನ ಮೇಲೆ ಇಟ್ಟರು. ಡಾಕ್ಟರು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ಗಂಡ ತಲೆ ತಗ್ಗಿಸಿ ಕೇಳಿದರು. ಓದಿ ಮುಗಿದ ಮೇಲೆ ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: “ಇದನ್ನ ನೀನು ಬರೆದೆಯಾ?”

ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸಿದರು. 12 ದಿನ ಒಳಗೆ ಇಟ್ಟುಕೊಂಡರು. ಮನೋವೈದ್ಯ ಅಂದ ಕೂಡಲೇ, “ನನಗೇನು ಹುಚ್ಚಾ?” ಅನ್ನುತ್ತಾರೆ. ಹುಚ್ಚಲ್ಲ. ಕುಡಿತದ ಚಿಕಿತ್ಸೆಯೂ ಅದೇ ವಿಭಾಗದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಇದೆ. ನಿಮ್ಮ ಹತ್ತಿರ ಎಲ್ಲಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಆಣೆ ಮಾಡಿಸುವುದರ ಬಗ್ಗೆ ಒಂದು ಮಾತು. ಮಗುವಿನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿಸುತ್ತೇವೆ. ಆಣೆ ಮುರಿದರೆ ಅವರಿಗೆ ನಾಚಿಕೆ. ನಾಚಿಕೆ ಮರೆಯಲು ಮತ್ತೆ ಕುಡಿತ. ಆಮೇಲೆ ಆ ಮಗುವಿಗೆ ಜ್ವರ ಬಂದರೆ, ಆಣೆ ಮುರಿದಿದ್ದಕ್ಕೇ ಅಂತ ಅದೂ ಹೆದರುತ್ತೆ. ನಮ್ಮ ತಲೆ ಮೇಲೂ ಹಾಗೆ ಕೈ ಇಡಿಸಿದ್ದರು. ಮಕ್ಕಳ ತಲೆಯನ್ನು ಇದಕ್ಕೆ ಬಳಸಬೇಡಿ.

ಸಾಲ ತೀರಿಸುವುದನ್ನು ನಿಲ್ಲಿಸಿ. “ಕುಡಿಯಲು ಕೊಟ್ಟ ಸಾಲ ನಾನು ಕೊಡಲ್ಲ” ಅಂತ ಅಂಗಡಿಯವನಿಗೆ ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ ಹೇಳಿ. ಒಬ್ಬರೇ ಹೋಗಬೇಡಿ, ಸಂಘದ ಇಬ್ಬರು ಜೊತೆಗಿರಲಿ.

ಹೊಡೆತ ಬಿದ್ದರೆ

ಕಾಯಿಲೆ ಅಂದ ಮಾತ್ರಕ್ಕೆ ಹೊಡೆತ ತಿನ್ನಬೇಕು ಅಂತ ಇಲ್ಲ. ಸಿಟ್ಟು ಏರುತ್ತಿದೆ ಅಂತ ಗೊತ್ತಾದರೆ ವಾದ ಮಾಡದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ. ಯಾವ ಮನೆಗೆ ಅಂತ ಮುಂಚೆಯೇ ಮಾತಾಡಿ ಇಟ್ಟಿರಿ. ರೇಷನ್ ಕಾರ್ಡು, ಆಧಾರ್ ಕಾರ್ಡು, ಪಾಸ್ ಬುಕ್ಕು, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಹಾಕಿ ಅಲ್ಲೇ ಇಟ್ಟರೂ ಸರಿ. 2005ರಲ್ಲಿ ಹೆಂಗಸರಿಗಾಗಿ ಒಂದು ಕಾನೂನು ಬಂತು. ಮನೆಯೊಳಗಿನ ಹಿಂಸೆ ತಡೆಯುವ ಕಾನೂನು. ಗಂಡನ ಮನೆಯಲ್ಲಿ ಇರುವ ಹಕ್ಕು ನಮಗೆ ಇದೆ ಅಂತ ಅದು ಹೇಳುತ್ತೆ. ಮನೆ ಅವನ ಹೆಸರಿನಲ್ಲಿದ್ದರೂ ಸರಿ. ಸುಮ್ಮನೆ ಹೊರಗೆ ಹಾಕಲು ಆಗುವುದಿಲ್ಲ.

ಕುಡಿಯುವವನು ಮಗನಾದರೆ ತಾಯಿಗೆ ಇನ್ನೂ ಕಷ್ಟ. ಗಂಡನ ಕಣ್ಣು ತಪ್ಪಿಸಿ ದುಡ್ಡು ಕೊಡುತ್ತಾಳೆ. ಈಗಿನ ಹುಡುಗರಲ್ಲಿ ಗಾಂಜಾ ಕೂಡ ಇದೆ. ಕಣ್ಣು ಕೆಂಪು, ಹೊಸ ಹೊಸ ಗೆಳೆಯರು, ಓದು ಕೆಲಸ ಎರಡೂ ಬೇಡ ಅನ್ನುವುದು ಕಂಡರೆ ಕೇಳಿ. ಮೊದಲು ಅವನ ಮಾತು ಕೇಳಿ, ಆಮೇಲೆ ನಿಮ್ಮದು ಹೇಳಿ.

ಒಂದು ಊರಿನ ಕಥೆ

ಪಕ್ಕದ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆ ಇದೆ. ಅಲ್ಲಿ ದೂಬಗುಂಟ ಅನ್ನುವ ಹಳ್ಳಿ. 1991ರಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಹೆಂಗಸರು ರಾತ್ರಿ ದೀಪದ ಬೆಳಕಲ್ಲಿ ಓದಲು ಕೂತರು. ಅವರ ಪುಸ್ತಕದಲ್ಲಿ ಒಂದು ಪಾಠ ಇತ್ತು. ಸೀತಮ್ಮ ಅನ್ನುವವಳ ಕಥೆ. ಆಕೆಯ ಗಂಡ ಕುಡುಕ. ಓದುತ್ತಾ ಓದುತ್ತಾ ಹೆಂಗಸರಿಗೆ, ಇದು ನಮ್ಮ ಮನೆ ಕಥೆ ಅನ್ನಿಸಿತು. ದೂಬಗುಂಟದ ಹೆಂಗಸರು ಒಟ್ಟಾಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ಊರಿಂದ ಊರಿಗೆ ಹಬ್ಬಿತು. 1993ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು.

ಸಾರಾಯಿ ಹೋಯಿತು. ಅಗ್ಗದ ವಿಸ್ಕಿ ಬ್ರಾಂದಿ ಪಾಕೀಟು ಬಂತು. ಹಳ್ಳಿಯಲ್ಲಿ ಗೂಡಂಗಡಿಯವರು ಕದ್ದು ಮಾರುತ್ತಾರೆ. ಕದ್ದು ಮಾರುವುದು ಅಪರಾಧ. ಸಂಘದವರೆಲ್ಲ ಸಹಿ ಹಾಕಿ ಅಬಕಾರಿ ಇಲಾಖೆಗೆ ಅರ್ಜಿ ಕೊಡಬಹುದು. ಅರ್ಜಿ ಬರೆಯುವುದು 14ನೇ ಪಾಠದಲ್ಲಿ ಇದೆ.

ಆಮೇಲೆ ಏನಾಯಿತು?

ಆ ಅಕ್ಕನ ಗಂಡ ಡಿಸೆಂಬರಿನಿಂದ ಮೂರು ತಿಂಗಳು ಕುಡಿಯಲಿಲ್ಲ. 2025ರ ಯುಗಾದಿ ಮಾರನೇ ದಿನ ಹೊಸತೊಡಕು. ಬಾಡೂಟಕ್ಕೆ ಗೆಳೆಯರು ಬಂದರು. ಕುಡಿದುಬಿಟ್ಟರು. ನಾಲ್ಕು ದಿನ ಬಿಡದೆ ಕುಡಿದರು. “ಎಲ್ಲ ನೀರಲ್ಲಿ ಹೋಮ ಆಯ್ತು ಮೇಡಂ” ಅಂತ ಅಕ್ಕ ಅತ್ತರು. ಡಾಕ್ಟರು ಬೈಯಲಿಲ್ಲ. ಬಹಳ ಜನಕ್ಕೆ ಹೀಗಾಗುತ್ತೆ, ಮತ್ತೆ ಬನ್ನಿ ಅಂದರು. ಮತ್ತೆ ಹೋದರು. ಸೋಮವಾರ ಮೇಸ್ತ್ರಿಯ ಹುಡುಗ ಬಂದಾಗ ಅಕ್ಕ ಬಾಗಿಲಲ್ಲಿ ನಿಂತು, “ಕುಡಿದಿದ್ರು. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಮೇಸ್ತ್ರಿಗೆ ಹಾಗೇ ಹೇಳಪ್ಪ” ಅಂದರಂತೆ.

ನೋಟುಬುಕ್ಕು ಈಗ ರಾಗಿ ಡಬ್ಬದಲ್ಲಿಲ್ಲ. ದೇವರ ಪಟದ ಪಕ್ಕ ಗೂಡಿನಲ್ಲಿದೆ. ಕೆಲವು ದಿನ ಗಂಡನೇ ಅದರಲ್ಲಿ ಸೊನ್ನೆ ಹಾಕುತ್ತಾರೆ. ಸೊನ್ನೆ ಅಂದರೆ ಆ ದಿನ ಕುಡಿದಿಲ್ಲ.

ಬರೆಯೋಣ

1. ಇಂದಿನ ತಾರೀಕು ಬರೆಯಿರಿ. ಪಕ್ಕದಲ್ಲಿ ಇಂದು ನಿಮ್ಮ ಮನೆಯಲ್ಲಿ ಆದದ್ದು ಒಂದು ಸಾಲು ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ, ನಮಗೂ ಬೇಡ.

2. ಲೆಕ್ಕ ಹಾಕಿ: ದಿನಕ್ಕೆ 150 ರೂಪಾಯಿ ಆದರೆ 365 ದಿನಕ್ಕೆ ಎಷ್ಟು?

3. ಈ ಪದಗಳನ್ನು ಓದಿ, ಬರೆಯಿರಿ: ನಡುಕ, ಸುಳ್ಳು, ಚಟ, ಚಿಕಿತ್ಸೆ, ಆಸ್ಪತ್ರೆ.

4. ಈ ಅಂಕಿಗಳನ್ನು ದೊಡ್ಡದಾಗಿ ಬರೆದು ಇಟ್ಟುಕೊಳ್ಳಿ. ಫೋನಿನಲ್ಲಿ ಒತ್ತಿ ಅಭ್ಯಾಸ ಮಾಡಿ, ಆದರೆ ಕರೆ ಗುಂಡಿ ಒತ್ತಬೇಡಿ.

14446 – ಕುಡಿತ, ಗಾಂಜಾ ಚಟ ಬಿಡಿಸಲು ಸಲಹೆ. ದುಡ್ಡು ಕೊಡಬೇಕಾಗಿಲ್ಲ.
14416 – ಮನಸ್ಸಿನ ಕಷ್ಟ ಹೇಳಿಕೊಳ್ಳಲು. ಕನ್ನಡದಲ್ಲಿ ಮಾತಾಡಬಹುದು. ಹಗಲೂ ರಾತ್ರಿಯೂ ಇರುತ್ತಾರೆ.
181 – ಹೆಂಗಸರ ಸಹಾಯಕ್ಕೆ.
112 – ಪೊಲೀಸ್, ತುರ್ತು ಹೊತ್ತಿನಲ್ಲಿ.
108 – ಆಂಬುಲೆನ್ಸ್.